ಮಾಸ್ತರರ ಕನ್ನಡದ ಕಾವುಗೂಡು

ಮೊಸಳೆ ಮೊಟ್ಟೆಗೆ ಕಾವು ಕೊಡಲು ಎಂಥ ಯಂತ್ರ ಬೇಕು ಎಂಬ ವಿಷಯದಲ್ಲಿ ಹಳೇಗೋನಾಳದ ಮೊಸಳೆ ಕೇಂದ್ರದಲ್ಲಿ ಜಗಳವೇನೂ ಆಗಲಿಲ್ಲ. ಜಗಳವಾದದ್ದು ಆ ಯಂತ್ರದ ಜೊತೆ ಎಂಥ ಭಾಷೆಯಲ್ಲಿ ಮಾತಾಡಬೇಕು ಎಂಬುದರಲ್ಲಿ. ಅದೂ ಅಧಿಕಾರಿಗಳ ನಡುವೆ ಅಲ್ಲ. ಕೇಂದ್ರದ ಯಂತ್ರತಜ್ಞೆ ಕಸ್ತೂರಿಗೂ ಅವಳ ಅಪ್ಪ ಗುರುಪಾದಪ್ಪ ಮಾಸ್ತರಿಗೂ, ಊಟದ ತಾಟಿನ ಮುಂದೆ.

ಕಾಲ ಸಾಕಷ್ಟು ಮುಂದೆ ಸರಿದಿತ್ತು. ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ ಬೇಸಿಗೆ ಎಂದರೆ ಮಧ್ಯಾಹ್ನ ಹೊರಗೆ ಕಾಲಿಡಲಾಗದಷ್ಟು ಜಳ. ಮನುಷ್ಯರೇನೋ ಗೋಡೆ ದಪ್ಪ ಮಾಡಿಕೊಂಡು, ಕೆಲಸವನ್ನೆಲ್ಲ ನಸುಕಿಗೆ ಸರಿಸಿಕೊಂಡು ಹೇಗೋ ಹೊಂದಿಕೊಂಡಿದ್ದರು. ಮೊಸಳೆಗೆ ಆ ಅನುಕೂಲವಿರಲಿಲ್ಲ. ಅದು ತನ್ನ ಮುತ್ತಜ್ಜಿಯರಂತೆಯೇ ದಂಡೆಯ ಉಸುಕಿನಲ್ಲಿ ಕುಣಿ ತೋಡಿ ಮೊಟ್ಟೆ ಇಡುತ್ತಿತ್ತು, ಉಸುಕು ಅವನ್ನು ಬೇಯಿಸಿ ಹಾಕುತ್ತಿತ್ತು. ಮೊಸಳೆ ಮೊಟ್ಟೆಯೊಳಗಿರುವುದು ಗಂಡೋ ಹೆಣ್ಣೋ ಎಂಬುದು ಇಡುವಾಗಲೇ ತೀರ್ಮಾನವಾಗಿರುವುದಿಲ್ಲ. ಕಾವು ಕೊಂಚ ಕಡಿಮೆಯಿದ್ದರೆ ಹೆಣ್ಣು, ಒಂದು ಗೆರೆ ಹೆಚ್ಚಾದರೆ ಗಂಡು, ಮತ್ತೂ ಹೆಚ್ಚಾದರೆ ಲೆಕ್ಕವೆಲ್ಲ ತಪ್ಪಿ ಕೊನೆಗೆ ಬರೀ ಬೆಂದ ಮೊಟ್ಟೆ. ಆ ಭಾಗದ ನೀರಿನಲ್ಲಿ ಉಳಿದಿದ್ದದ್ದು ಒಂದೇ ಒಂದು ಮುದಿ ಜೋಡಿ. ಹೆಣ್ಣಿಗೆ ಕೇಂದ್ರದ ದೋಣಿಯವ ಮೌಲಾಸಾಬ ದೊಡ್ಡವ್ವ ಎಂದು ಹೆಸರಿಟ್ಟಿದ್ದ. ದೊಡ್ಡವ್ವ ಇನ್ನೊಂದು ವರ್ಷ ಮೊಟ್ಟೆ ಇಡುತ್ತಾಳೆಂಬ ಭರವಸೆ ಯಾರಿಗೂ ಇರಲಿಲ್ಲ. ಈ ಸಲದವು ಮರಿಯಾಗದಿದ್ದರೆ ಆ ಹೊಳೆಯ ಮೊಸಳೆ ಕುಲ ಅಲ್ಲಿಗೆ ಮುಗಿದ ಹಾಗೆ.

ಮೊದಲು ಕಂಪನಿಯೊಂದರ ಸಿದ್ಧ ಯಂತ್ರ ಲಾರಿಯಲ್ಲಿ ಬಂದು ಇಳಿದಿತ್ತು. ನೋಡಲು ಮದುಮಗಳ ಹಾಗಿತ್ತು. ಕಸ್ತೂರಿ ಅದರ ಬಾಗಿಲು ತೆಗೆದು ಒಳಗೆ ಕೈಯಾಡಿಸಿ, "ಇದು ಕೋಳಿ ಯಂತ್ರ" ಎಂದುಬಿಟ್ಟಳು. ಕೋಳಿ ತನ್ನ ಮೊಟ್ಟೆಯನ್ನು ದಿನವೆಲ್ಲ ಹೊರಳಿಸುತ್ತಿರುತ್ತದೆ. ಹೊರಳಿಸದಿದ್ದರೆ ಮರಿ ಚಿಪ್ಪಿಗೆ ಅಂಟಿ ಸಾಯುತ್ತದೆ. ಮೊಸಳೆಯದು ಇದಕ್ಕೆ ತದ್ವಿರುದ್ಧ. ಅದರ ಪಿಂಡ ಮೊದಲ ದಿನವೇ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಂಡು ಅಲ್ಲೇ ಬೆಳೆಯುತ್ತದೆ, ಆಮೇಲೆ ಹೊರಳಿಸಿದರೆ ಕಥೆ ಮುಗಿಯಿತು. ಹೊರಳಿಸುವುದನ್ನು ನಿಲ್ಲಿಸಬಹುದೇ ಎಂದು ಕೇಳಿದ್ದಕ್ಕೆ ಕಂಪನಿಯವನು, ನಿಲ್ಲಿಸಬಹುದು, ಆದರೆ ಗ್ಯಾರಂಟಿ ಹೋಗುತ್ತದೆ ಎಂದ.

"ಮೊಸಳಿ ಹೋದ್ರ ನಡೀತೈತಿ, ಗ್ಯಾರಂಟಿ ಹೋಗಬಾರದು. ಹೌದಲ್ರಿ?" ಎಂದು ಮೌಲಾಸಾಬ ಅವನಿಗೆ ಚಹಾ ಕುಡಿಸಿ, ಯಂತ್ರದ ಸಮೇತ ಸಾಗಹಾಕಿದ.

ಕಸ್ತೂರಿ ತಾನೇ ಕಟ್ಟಲು ನಿಂತಳು. ಮುಚ್ಚಿಹೋಗಿದ್ದ ಡೈರಿಯಿಂದ ಹಾಲು ತಣ್ಣಗಿಡುವ ದೊಡ್ಡ ಉಕ್ಕಿನ ತೊಟ್ಟಿ ತರಿಸಿದಳು. ಎರಡು ಪದರದ ಗೋಡೆ, ಹೊರಗಿನ ಜಳ ಒಳಗೆ ಬರುವಂತಿಲ್ಲ. ಒಳಗೆ ಎಡಕ್ಕೊಂದು, ಬಲಕ್ಕೊಂದು ಹಲಗೆ. ಹಲಗೆಯ ತುಂಬ ಹಸಿ ಉಸುಕಿನ ಬಟ್ಟಲುಗಳು, ಬಟ್ಟಲಿಗೊಂದು ಮೊಟ್ಟೆ. ಪ್ರತಿ ಬಟ್ಟಲಿನ ತಳಕ್ಕೆ ಒಂದು ಬಿಲ್ಲೆ. ಅದು ಬೇಕೆಂದಾಗ ಬಿಸಿಯಾಗುತ್ತದೆ, ಬೇಕೆಂದಾಗ ತಣ್ಣಗಾಗುತ್ತದೆ. ಪಕ್ಕದಲ್ಲಿ, ಒಳಗಿನ ಮರಿಯ ಎದೆಬಡಿತ ಆಲಿಸಲು ಕಡಲೆಕಾಳಿನಷ್ಟು ದೊಡ್ಡ ಕಿವಿ. ಒಂದೊಂದು ಮೊಟ್ಟೆಗೂ ಅದರದೇ ಕಾವು ಕೊಟ್ಟು, ಇದು ಗಂಡಾಗಲಿ, ಇದು ಹೆಣ್ಣಾಗಲಿ ಎಂದು ಹೇಳಿ ಮಾಡಿಸಬಹುದಾದ ಯಂತ್ರ! ನೋಡಲು ಬಂದ ಊರ ಹೆಂಗಸರಲ್ಲಿ, ಸಾಲಾಗಿ ಹೆಣ್ಣು ಹೆತ್ತಿದ್ದ ಒಬ್ಬಾಕೆ ತೊಟ್ಟಿಯೊಳಗೆ ಇಣುಕಿ, "ನಮ್ಮತ್ತಿ ಇದ್ದಾಗ ಇದು ಬಂದಿದ್ರ ನನ್ನ ಇದರಾಗ ಕುಂಡ್ರಸ್ತಿದ್ಲು ನೋಡ್ರಿ" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಹೊತ್ತಿಗಾಗಲೇ ಗುಂಡಿ ಒತ್ತುವ ಯಂತ್ರಗಳು ಬೀಸುಕಲ್ಲಿನ ಜೊತೆ ಅಟ್ಟ ಸೇರಿದ್ದವು. ಯಂತ್ರಗಳೆಲ್ಲ ಹೇಳಿದ್ದನ್ನು ಕೇಳಿ ಕೆಲಸ ಮಾಡುತ್ತಿದ್ದವು. ಹೊಸ ಯಂತ್ರಕ್ಕೆ, ಶಾಲೆಗೆ ಸೇರಿದ ಕೂಸಿಗೆ ಕಲಿಸಿದಂತೆ, ಮಾತು ಕಲಿಸಬೇಕಾಗಿತ್ತು. ಅದನ್ನೇ ಕಸ್ತೂರಿ ಒಂದು ದಿನ ಊಟಕ್ಕೆ ಕೂತಾಗ ಬಾಯಿಬಿಟ್ಟಳು.

"ಟೆಂಪರೇಚರ್ ಸೆಟ್ ಮಾಡು, ಟ್ರೇ ಸೆಲೆಕ್ಟ್ ಮಾಡು, ಇಷ್ಟ ಕಲಿಸಿದ್ರ ಸಾಕಪ್ಪಾ. ಮುಂದಿನ ವಾರ ಮುಗೀತೈತಿ."

ಮಾಸ್ತರರ ಕೈಯಲ್ಲಿದ್ದ ರೊಟ್ಟಿಯ ತುತ್ತು ಅಲ್ಲೇ ನಿಂತಿತು.

"ಮಾಡು ಅನ್ನೂದೊಂದ ಕನ್ನಡ ಉಳಸೀಯಲ್ಲ ಅದರಾಗ, ಅದನ್ಯಾಕ ಬಿಟ್ಟಿ?"

"ಎಲ್ಲಾರೂ ಹಂಗ ಹೇಳ್ತಾರಪ್ಪಾ ಯಂತ್ರಕ್ಕ."

"ಎಲ್ಲಾರೂ ಹೇಳ್ಲಿ. ನೀ ಒಬ್ಬ ಕನ್ನಡ ಮಾಸ್ತರನ ಮಗಳು. ಕಾವು ಅನ್ನಾಕ ನಾಲಿಗಿ ಏನ ನೋಯ್ತೈತೇನು? ಕಾವು! ಬಾಯಾಗ ಇಟ್ಟುಕೊಂಡ್ರ ಬೆಚ್ಚಗ ಆಗುವಂಥಾ ಮಾತು. ಅದನ್ನ ಬಿಟ್ಟು ಟೆಂಪರೇಚರ್ ಅಂತ, ಜ್ವರಾ ಬಂದವರಂಗ."

ಕಸ್ತೂರಿ ವಾದ ಮಾಡುವ ಹಾಗೆ ಮಾಡಿದಳಷ್ಟೇ. ಸೋಲುವುದೆಂದು ಅವಳು ಮೊದಲೇ ತೀರ್ಮಾನಿಸಿಯಾಗಿತ್ತು. ಅವ್ವ ತೀರಿಕೊಂಡು, ನೌಕರಿಯೂ ಮುಗಿದು, ಅಪ್ಪ ಅವಳ ಕ್ವಾರ್ಟರ್ಸಿಗೆ ಬಂದು ಸೇರಿದ ಮೇಲೆ ಅವರಿಗೆ ತಿದ್ದಲು ಯಾರೂ ಸಿಕ್ಕಿರಲಿಲ್ಲ. ಊರಿನ ಅಂಗಡಿ ಬೋರ್ಡುಗಳ ಒತ್ತಕ್ಷರ ತಿದ್ದಲು ಹೋಗಿ ಕಟಿಂಗ್ ಅಂಗಡಿಯವನ ಕೈಯಲ್ಲಿ ಬೈಸಿಕೊಂಡಿದ್ದರು. ಹೇಳಿಕೊಟ್ಟದ್ದನ್ನು ಮರೆಯದ, ಎದುರಾಡದ, ಕಿಟಕಿಯಿಂದ ಹಾರಿ ಓಡದ ಒಬ್ಬ ಶಿಷ್ಯ ಅಪ್ಪನಿಗೆ ಸಿಗಲಿ ಎಂದು ಅವಳಿಗೆ ಅನಿಸಿತು. ಅಪ್ಪನೆಂದರೆ ಅವಳಿಗೆ ಅಷ್ಟು ಜೀವ.

ಹೀಗೆ ಆ ಚಳಿಗಾಲವೆಲ್ಲ ಗುರುಪಾದಪ್ಪ ಮಾಸ್ತರು ಬಿಳಿ ಟೋಪಿ ಹಾಕಿಕೊಂಡು, ಹಾಲಿನ ತೊಟ್ಟಿಯ ಮುಂದೆ ಸ್ಟೂಲಿನ ಮೇಲೆ ಕೂತು ಪಾಠ ಹೇಳಿದರು. ಯಂತ್ರಕ್ಕೆ ಕಾವುಗೂಡು ಎಂದು ಹೆಸರಿಟ್ಟರು. ಹ್ಯುಮಿಡಿಟಿ ಪಸೆಯಾಯಿತು, ಅಲಾರ್ಮು ಎಚ್ಚರವಾಯಿತು. ಎಲ್ಲವನ್ನೂ ಅಡುಗೆಮನೆಯ ಉದಾಹರಣೆ ಕೊಟ್ಟೇ ಕಲಿಸುವುದು ಅವರ ಪದ್ಧತಿ. "ಕೂಲ್ ಅನ್ನಬಾರದು ಮಗೂ. ಕಾದ ಹಾಲನ್ನು ಏನು ಮಾಡುತ್ತೇವೆ? ಆರಿಸುತ್ತೇವೆ. ಕಾವು ಹೆಚ್ಚಾದರೆ ಆರಿಸು." ಮತ್ತೊಂದು ದಿನ, "ಸೆಲೆಕ್ಟ್ ಎಂದರೇನು? ಅಕ್ಕಿಯಲ್ಲಿ ಕಲ್ಲು ಆರಿಸುವುದಿಲ್ಲವೇ? ಹಾಗೆ, ಬೇಕಾದ ಹಲಗೆಯನ್ನು ಆರಿಸು." ಯಂತ್ರದ ಜೊತೆ ಅವರು ಪುಸ್ತಕದ ಕನ್ನಡವನ್ನೇ ಆಡುತ್ತಿದ್ದರು, ಯಂತ್ರವೂ ಅದೇ ಕನ್ನಡದಲ್ಲಿ "ತಿಳಿಯಿತು, ಗುರುಗಳೇ" ಎನ್ನುತ್ತಿತ್ತು. ಗುರುಗಳೇ ಎಂದು ಅವರು ಹೇಳಿಕೊಟ್ಟಿರಲಿಲ್ಲ. ಅದೆಲ್ಲಿಂದ ಕಲಿಯಿತೋ ಏನೋ, ಆ ದಿನ ಮಾಸ್ತರು ಮನೆಗೆ ಬಂದು ಒಂದು ರೊಟ್ಟಿ ಹೆಚ್ಚು ತಿಂದರು.

ಬೇಸಿಗೆ ಬಂತು. ದೊಡ್ಡವ್ವ ನಡುಗಡ್ಡೆಯಲ್ಲಿ ಮೊಟ್ಟೆ ಇಟ್ಟು ಇತ್ತ ನೀರಿಗೆ ಇಳಿದದ್ದೇ, ಕಸ್ತೂರಿ ಅತ್ತ ಕುಣಿ ಬಿಡಿಸಿ ಒಂದೊಂದರ ನೆತ್ತಿಗೂ ಪೆನ್ಸಿಲಿನಿಂದ ಗುರುತು ಹಾಕಿ, ಗುರುತು ಮೇಲೇ ಇರುವಂತೆ ಬುಟ್ಟಿಗೆ ಇಳಿಸಿದಳು. ಮೌಲಾಸಾಬ ದೋಣಿಯಲ್ಲಿ ತುಂಬಿದ ಎಣ್ಣೆ ಕೊಡ ಇದೆಯೇನೋ ಎನ್ನುವ ಹಾಗೆ ಹುಟ್ಟು ಹಾಕಿದ. ಅರ್ಧ ಮೊಟ್ಟೆ ಎಡ ಹಲಗೆಗೆ, ಅರ್ಧ ಬಲ ಹಲಗೆಗೆ ಹೋದವು. ಕಿವಿಗಳೆಲ್ಲ ಎದೆಬಡಿತ ಕೇಳಿಸಿದವು. ಕೇಂದ್ರದ ಮುಖ್ಯಸ್ಥರು ಡಾಕ್ಟರ್ ಉಳ್ಳಾಗಡ್ಡಿ. ಈರುಳ್ಳಿಯ ಆ ಹೆಸರು ಕೇಳಿದರೆ ಕಣ್ಣಲ್ಲಿ ನೀರು ಬರಬೇಕು, ಆದರೆ ಮನುಷ್ಯ ಬಲು ಮೃದು. ಅವರು ಪರದೆಯ ಮೇಲೆ ಕಾಣಿಸಿಕೊಂಡು, "ಮಾಸ್ತರ, ನಿಮ್ಮ ಶಿಷ್ಯನ ಕನ್ನಡಾ ನನಗಿಂತ ಚಲೋ ಐತಿ" ಎಂದು ಹೊಗಳಿದರು.

ಪಿಂಡ ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದು ತೀರ್ಮಾನವಾಗುವ ಹೊತ್ತೊಂದು ನಡುವೆ ಬರುತ್ತದೆ. ಆಗ ಒಂದು ಹಲಗೆಯನ್ನು ಆರಿಸಿಕೊಂಡು ಅದಕ್ಕೆ ಒಂದು ಗೆರೆ ಹೆಚ್ಚು ಕಾವು ಕೊಟ್ಟರೆ ಅಲ್ಲಿಯವು ಗಂಡು, ಇನ್ನೊಂದರಲ್ಲಿ ಉಳಿದವು ಹೆಣ್ಣು. ಆ ಮಾತನ್ನು ಅಪ್ಪನ ಬಾಯಿಂದಲೇ ಹೇಳಿಸಬೇಕೆಂದು ಕಸ್ತೂರಿಯ ಆಸೆ. ಸಂಜೆ ಮಾಸ್ತರು ಮೈ ತೊಳೆದು, ಮಡಿಕೆ ಮುರಿಯದ ಧೋತರ ಉಟ್ಟು ಬಂದರು. ತೊಟ್ಟಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

"ಬಲಗಡೆಯ ಹಲಗೆಯನ್ನು ಆರಿಸು."

"ಆರಿಸುತ್ತೇನೆ, ಗುರುಗಳೇ," ಎಂದಿತು ಕಾವುಗೂಡು.

ಆರಿಸಿದ ಹಲಗೆಗೆ ಕಾವನ್ನು ನಿಧಾನಕ್ಕೆ ಏರಿಸಬೇಕೆಂದು ಕಸ್ತೂರಿ ಯಂತ್ರಕ್ಕೆ ಮೊದಲೇ ಹೇಳಿಟ್ಟಿದ್ದಳು. ಇನ್ನೇನೂ ಹೇಳುವ ಅಗತ್ಯವಿರಲಿಲ್ಲ. ತಂದೆ ಮಗಳು ಮನೆಗೆ ಹೋಗಿ ಬೆಲ್ಲದ ಚಹಾ ಮಾಡಿಕೊಂಡು ಕುಡಿದರು.

ಬೆಳಿಗ್ಗೆ ಅವಳು ಮುಚ್ಚಳ ತೆಗೆದಾಗ ಬಲಗಡೆಯ ಉಕ್ಕಿನ ಗೋಡೆಗೆಲ್ಲ ಇಬ್ಬನಿ ಕಟ್ಟಿತ್ತು. ಉಸುಕಿಗೆ ಬೆರಳಿಟ್ಟಳು. ಕುಡಿಯುವ ನೀರಿನ ಮಣ್ಣಿನ ಕೊಡ ಮುಟ್ಟಿದ ಹಾಗಾಯಿತು.

"ಬಲಗಡಿ ಯಾಕ ತಣ್ಣಗೈತಿ?"

"ನಿನ್ನೆ ಸಂಜೆ ಗುರುಗಳು ಬಲಗಡೆಯ ಹಲಗೆಯನ್ನು ಆರಿಸು ಎಂದರು. ಆರಿಸಿದ್ದೇನೆ. ಎಷ್ಟು ಎಂದು ಹೇಳಲಿಲ್ಲ. ಆದ್ದರಿಂದ ಇನ್ನೂ ಆರಿಸುತ್ತಿದ್ದೇನೆ."

ಕಾವಿನ ಯಂತ್ರಕ್ಕೆ ಎಲ್ಲವೂ ಕಾವಿನ ಮಾತೇ. ಒಂದೇ ಮಾತಿಗೆ ಎರಡು ಅರ್ಥ ಕಂಡಾಗ ಅದು ತನಗೆ ಹತ್ತಿರದ್ದನ್ನು ಹಿಡಿದಿತ್ತು. ಅಕ್ಕಿಯನ್ನು ಬಿಟ್ಟು ಹಾಲನ್ನು ಹಿಡಿದಿತ್ತು. ಹೇಳಿದ್ದನ್ನು ಹೇಳಿದಂತೆ ಮಾಡಿದ್ದರಿಂದ ಎಚ್ಚರದ ಗಂಟೆಯನ್ನೂ ಬಾರಿಸಿರಲಿಲ್ಲ. ಕಸ್ತೂರಿ ತಿರುಗಿದಳು. ದಿನಾ ಬೆಳಿಗ್ಗೆ ಶಿಷ್ಯನನ್ನು ಮಾತಾಡಿಸಲು ಬರುವ ಮಾಸ್ತರು ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಅಪ್ಪಾ, ತಪ್ಪು ನಂದು. ನಾ ಮೊದಲ ಖಾಲಿ ಹಲಗಿ ಮ್ಯಾಲ ಒಮ್ಮಿ ಪರೀಕ್ಷಾ ಮಾಡಿ ನೋಡಬೇಕಿತ್ತು."

"ಮಾತು ನಂದವಾ," ಎಂದರು ಮಾಸ್ತರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದರು.

ಕಸ್ತೂರಿ ಅಳುತ್ತ ಕೂರಲಿಲ್ಲ. ಬಲ ಹಲಗೆಯನ್ನು ಮೆಲ್ಲಗೆ ಹಳೆಯ ಕಾವಿಗೆ ತಂದಳು. ಯೋಜನೆಯನ್ನು ಅದಲುಬದಲು ಮಾಡಿ, ಬರೀ ಅಂಕಿಗಳಲ್ಲಿ ಮಾತಾಡಿ, ಎಡದವಕ್ಕೆ ಒಂದು ಗೆರೆ ಏರಿಸಿದಳು. ಎಡದವು ಗಂಡಾಗಲಿ. ಬಲದಲ್ಲಿ ಯಾವುವಾದರೂ ಬದುಕಿ ಉಳಿದರೆ ಅವು ಹೆಣ್ಣು. ಉಳಿದಿವೆಯೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಇಬ್ಬನಿಯ ನೀರು ಇಳಿದು ಆ ಕಡೆಯ ಪುಟ್ಟ ಕಿವಿಗಳೆಲ್ಲ ಕೆಟ್ಟಿದ್ದವು. ಬದಲಿಸಬೇಕೆಂದರೆ ಮೊಟ್ಟೆಗಳನ್ನು ಎತ್ತಬೇಕು, ಚಳಿಗೆ ಸೊರಗಿದ ಪಿಂಡ ಅಲುಗಾಟ ತಡೆದೀತೇ ಎಂಬ ಭಯ. ದೀಪ ಹಿಡಿದು ನೋಡಿದರೆ ಚಿಪ್ಪಿನೊಳಗೆ ಬರೀ ಕತ್ತಲೆ. ಬೆಳೆದ ಮರಿಯೂ ಕತ್ತಲೆಯಾಗಿಯೇ ಕಾಣುತ್ತದೆ, ಕೊಳೆತದ್ದೂ ಕತ್ತಲೆಯಾಗಿಯೇ ಕಾಣುತ್ತದೆ.

ಮನೆಯಲ್ಲಿ ಬೇರೆಯದೇ ಒಂದು ಕತ್ತಲೆ ಶುರುವಾಯಿತು. ಮಾಸ್ತರು ಮುನಿಸಿಕೊಳ್ಳಲಿಲ್ಲ, ಊಟ ಬಿಡಲಿಲ್ಲ. ಕನ್ನಡ ಬಿಟ್ಟರು.

"ಫ್ಯಾನ್ ಆಫ್ ಮಾಡ್ಲೇನು?" ಎಂದು ಕೇಳಿದರು ಒಂದು ದಿನ. ಕಸ್ತೂರಿ ರೊಟ್ಟಿ ತಟ್ಟುತ್ತಿದ್ದವಳು ಹಾಗೇ ನಿಂತಳು. "ಟೀ ಹಾಟ್ ಐತಿ, ಸ್ವಲ್ಪ ಕೂಲ್ ಆಗ್ಲಿ" ಎಂದರು ಮರುದಿನ. ಟೆಂಪರೇಚರ್ ಎಂಬ ಪದವೂ ಒಂದು ದಿನ ಅವರ ಬಾಯಿಂದ ಬಂತು. ಚಿಕ್ಕಂದಿನಿಂದ ಅಪ್ಪನ ತಿದ್ದುಪಡಿಗಳಿಗೆ ರೋಸಿಹೋಗಿ, ಒಂದೇ ಒಂದು ದಿನ ಸುಮ್ಮನಿದ್ದರೆ ಸಾಕಪ್ಪಾ ಎಂದು ಎಷ್ಟು ಸಲ ಅಂದುಕೊಂಡಿದ್ದಳೋ. ಈಗ ಬೇಕೆಂದೇ "ಪ್ರೋಗ್ರಾಮು ಪೋಸ್ಟ್‌ಪೋನ್ ಆಯ್ತು" ಎಂದು ಒಗೆದು ನೋಡಿದಳು. ಮಾಸ್ತರು "ಓಕೆ" ಎಂದರು. ಅಪ್ಪನ ದನಿಯೊಳಗಿದ್ದ ಅಪ್ಪನೇ ಕಾಣೆಯಾಗಿದ್ದ.

"ಹೊಸಾ ಪದಾ ಮಾಡಿ ಕೊಡಪ್ಪಾ. ಎರಡೆರಡು ಅರ್ಥಾ ಬರಲಾರದಂಥವು," ಎಂದು ಕೇಳಿದಳು.

"ನನ್ನ ಕೈಲೆ ಆಗೂದಿಲ್ಲವಾ. ನಾ ಬಾಯಿ ತಗದ್ರ ಜೀವಾ ಹೋಗ್ತಾವು."

ಉಳ್ಳಾಗಡ್ಡಿಯವರು ಪರದೆಯಲ್ಲಿ, ಕಂಪನಿಯ ಸಿದ್ಧ ಭಾಷೆಯನ್ನೇ ಯಂತ್ರಕ್ಕೆ ತುಂಬಿಬಿಡಬಹುದಲ್ಲ ಎಂದರು, ಸಂಕೋಚದಿಂದಲೇ. ಮರಿಗಳು ಹೊರಬರುವ ತನಕ ತಡೆಯಿರಿ ಎಂದಳು ಕಸ್ತೂರಿ. ಯಂತ್ರದ ಕನ್ನಡವನ್ನು ಒರೆಸಿಹಾಕಿದರೆ ಅಪ್ಪ ಮತ್ತೆ ಬಾಯಿ ತೆರೆಯಲಾರರು ಎಂಬ ಹೆದರಿಕೆಯನ್ನು ಅವಳು ಯಾರಿಗೂ ಹೇಳಲಿಲ್ಲ.

ಮೊದಲ ಮಳೆಯ ಮೋಡ ಕಾಣಿಸಿಕೊಂಡ ಹೊತ್ತಿಗೆ ಎಡ ಹಲಗೆ ಮಾತಾಡತೊಡಗಿತು. ಮೊಸಳೆ ಮರಿಗಳು ಮೊಟ್ಟೆಯೊಳಗಿಂದಲೇ ಕೂಗುತ್ತವೆ. ಕ್ಯಾಂವ್ ಕ್ಯಾಂವ್ ಎಂದು ಒಂದು ಕೂಗಿದರೆ ಪಕ್ಕದ್ದು ಓಗೊಡುತ್ತದೆ, ಅದು ಕೇಳಿ ಮತ್ತೊಂದು. ದಂಡೆಯಲ್ಲಾದರೆ ತಾಯಿ ಆ ದನಿ ಕೇಳಿ ಉಸುಕು ಬಗೆದು, ಒಡೆಯಲಾರದ ಮೊಟ್ಟೆಯನ್ನು ಬಾಯಲ್ಲಿ ಹಗುರವಾಗಿ ಒತ್ತಿ ಬಿಡಿಸುತ್ತಾಳೆ. ಇಲ್ಲಿ ಆ ಕೆಲಸ ಕಸ್ತೂರಿಯ ಬೆರಳುಗಳದ್ದು. ಗೇಣುದ್ದದ ಮರಿಗಳು ಒಂದೊಂದಾಗಿ ಹೊರಬಂದು ಬಂದವರ ಕೈಯನ್ನೇ ಕಚ್ಚಿದವು. ಕಚ್ಚಿಸಿಕೊಂಡ ಮೌಲಾಸಾಬ ಕುಣಿದಾಡಿದ. ಎಡದವೆಲ್ಲ ಬದುಕಿದ್ದವು. ಎಲ್ಲವೂ ಗಂಡೇ.

ಆದರೆ ಬರೀ ಗಂಡಿನಿಂದ ಯಾವ ಕುಲ ಮುಂದುವರಿದೀತು? ಹೆಣ್ಣು ಇದ್ದರೆ ಬಲ ಹಲಗೆಯಲ್ಲಿ ಇರಬೇಕು. ಬಲ ಹಲಗೆಗೆ ಕಾವು ಕಡಿಮೆ, ಹಾಗಾಗಿ ಅದು ತಡವಾಗುವುದು ಸಹಜವೇ ಎಂದು ಕಾದರು. ಆ ತಡವೂ ಮುಗಿಯಿತು. ಅದರ ಮೇಲೂ ಕಾದರು. ಉಸುಕು ಗಪ್ಪಗೆ ಕೂತಿತ್ತು.

"ಕಸ್ತೂರಿ, ಇವತ್ತು ಒಡದು ನೋಡಿಬಿಡ್ರಿ," ಎಂದರು ಉಳ್ಳಾಗಡ್ಡಿ ಪರದೆಯ ಮೇಲಿಂದ. "ಪೂರಾ ಬೆಳದಿದ್ದು ಹೊರಗ ಬರಾಕ ಆಗವಲ್ದು ಅಂದ್ರ ಒಳಗ ಉಸರುಗಟ್ಟಿ ಸಾಯ್ತಾವು."

"ಬೆಳೀಲಾರದ್ದು ಇದ್ರ, ಸರ್? ತತ್ತಿಯೊಳಗಿನ ಹಳದಿ ಭಂಡಾರ ಇನ್ನೂ ಹೊಟ್ಟಿ ಹೊರಗ ಇರ್ತೈತಿ. ಒಡದ್ರ ನಾವ ಕೊಂದಂಗ."

ಒಡೆದರೆ ಎಳಸು ಸಾಯುತ್ತದೆ, ಬಿಟ್ಟರೆ ಬಲಿತದ್ದು ಸಾಯುತ್ತದೆ. ಇಬ್ಬರ ಮಾತೂ ಸರಿಯಾಗಿತ್ತು. ಒಳಗಿನವರೇ ಉತ್ತರ ಕೊಡಬೇಕಾಗಿತ್ತು. ಆಗ ಅವಳಿಗೆ ಹೊಳೆಯಿತು. ಎಡ ಹಲಗೆಯ ಮರಿಗಳು ಒಂದರ ಕೂಗು ಕೇಳಿ ಒಂದು ಎಚ್ಚೆತ್ತವು. ಅವನ್ನು ಆಗಲೇ ನೀರಿನ ತೊಟ್ಟಿಗೆ ಸಾಗಿಸಿಯಾಗಿದೆ. ಇವನ್ನು ಎಬ್ಬಿಸುವವರು ಯಾರು? ಆ ಕೂಗು ಕಾವುಗೂಡಿನ ನೆನಪಿನಲ್ಲಿ ಇದೆ. ಕೇಳಿಸಿದರೆ, ಬಲಿತವು ಒಳಗಿದ್ದರೆ, ತಾವೂ ದನಿ ಮಾಡುತ್ತವೆ. ದನಿ ಮಾಡಿದ್ದನ್ನು ಮಾತ್ರ ಬಿಡಿಸಿದರಾಯಿತು.

ಮಾಸ್ತರು ಅದೇ ಹೊತ್ತಿಗೆ ಬುತ್ತಿ ತಂದರು. ಅವರು ಕೇಂದ್ರದ ಕಡೆ ಬರುವುದನ್ನೇ ಬಿಟ್ಟಿದ್ದರು. ಇವತ್ತು ಕಸ್ತೂರಿ ಬುತ್ತಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದಳು. ಒಡೆಯುವುದೇ ಆದರೆ ಅಪ್ಪ ಪಕ್ಕದಲ್ಲಿರಲಿ, ಒಬ್ಬರೇ ಮನೆಯಲ್ಲಿ ಕೂತು ಸುದ್ದಿ ಕೇಳುವುದು ಬೇಡ ಎಂದು. ಅವರು ಬುತ್ತಿಯನ್ನು ಮೌಲಾಸಾಬನ ಕೈಗೆ ಕೊಟ್ಟು ಬಾಗಿಲ ಬಳಿಯೇ ನಿಂತರು.

ಕಸ್ತೂರಿಗೆ ಅವಸರ. ತೊಟ್ಟಿಯತ್ತ ಬಾಗಿ, ಪುಸ್ತಕದ ಕನ್ನಡವೆಲ್ಲ ಮರೆತು, ಮನೆಯ ಮಾತಿನಲ್ಲೇ ಶುರುಮಾಡಿದಳು. "ಕಾವುಗೂಡ, ಬಲಗಡಿ ತತ್ತಿಗಳನ್ನ ಒಮ್ಮಿ ಕ…"

"ತಡೀ!"

ಮೌಲಾಸಾಬನ ಕೈಯಿಂದ ಬುತ್ತಿಯ ಡಬ್ಬಿ ಬಿತ್ತು. ಮಾಸ್ತರು ಹಾಗೆ ಗುಡುಗಿದ್ದನ್ನು ಹಿಂದಿನ ಸಾಲಿನ ಹುಡುಗರು ಮಾತ್ರ ಕೇಳಿದ್ದರು. ಅವರು ಓಡಿ ಬಂದು ಮಗಳ ಬಾಯಿಗೆ ಕೈ ಅಡ್ಡ ಹಿಡಿದರು.

"ಏನನ್ನಾಕತ್ತಿದ್ದಿ? ಕರಿ ಅನ್ನಾಕತ್ತಿದ್ದಿ, ಹೌದಲ್ಲ?"

"ಹೌದಪ್ಪಾ. ಕೂಗಿ ಕರಿ ಅಂತ."

"ತತ್ತಿ ಕರಿ! ಅದೂ ಕಾವಿನ ಯಂತ್ರಕ್ಕ! ಎಣ್ಣಿ ಬಾಣಲಿ ಒಂದ ಇಡೂದು ಉಳದಿತ್ತು ನೋಡು. ಪುಸ್ತಕದ ಕನ್ನಡದಾಗ ಕರೆ ಅಂದ್ರ ಕೂಗೂದು, ಕರಿ ಅಂದ್ರ ಎಣ್ಯಾಗ ಬಿಡೂದು. ನಮ್ಮ ಬಾಯಾಗ ಎರಡೂ ಕರಿನ. ಅದಕ್ಕ ಅಡಗಿಮನಿ ಉದಾಹರಣಿ ಕೊಟ್ಟಾಂವ ನಾ ಅದೀನಿ, ನನಗ ಗೊತ್ತೈತಿ ಅದು ಯಾವುದನ್ನ ಹಿಡೀತೈತಿ ಅಂತ!"

ಮೌಲಾಸಾಬ ಮೊದಲು ನಕ್ಕ. "ಅಲ್ರಿ ಮಾಸ್ತರ, ಇಷ್ಟು ದಿನಾ ಸಾಕಿ ಸಲುಹಿ ಕಡೀಕ ಆಮ್ಲೆಟ್ ಮಾಡೂದಾಗ್ತಿತ್ತು!" ಕಸ್ತೂರಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅವಳ ಕಣ್ಣು ತುಂಬಿ ಬಂತು, ಏಕೆಂದರೆ ಅಪ್ಪ ತಿದ್ದಿದ್ದರು. ಇಷ್ಟು ವಾರಗಳಲ್ಲಿ ಮೊದಲ ಸಲ ಅವಳನ್ನು ತಿದ್ದಿದ್ದರು.

"ಹಂಗಾದ್ರ ಏನನ್ನಲಿ, ನೀನ ಹೇಳು," ಎಂದಳು.

ಮಾಸ್ತರು ತಮ್ಮ ದನಿ ತಮಗೇ ಕೇಳಿಸಿದವರಂತೆ ಹಿಂಜರಿದರು. ತೊಟ್ಟಿಯತ್ತ ನೋಡಿದರು. ಒಳಗೆ ಬಟ್ಟಲುಗಳಲ್ಲಿ ಮೊಟ್ಟೆಗಳು ಪೆನ್ಸಿಲಿನ ಗುರುತು ಮೇಲೆ ಮಾಡಿಕೊಂಡು ಸುಮ್ಮನೆ ಕೂತಿದ್ದವು. ಒಂದಿಷ್ಟು ಹೊತ್ತು ಅವರು ತುಟಿಯೊಳಗೇ ಏನೇನೋ ಮಾತುಗಳನ್ನು ಹೊರಳಿಸಿ ನೋಡಿ, ಒಂದೊಂದನ್ನೇ ತಲೆಯಾಡಿಸಿ ತಳ್ಳಿಹಾಕಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತರು.

"ಮಗೂ, ಕೇಳು. ನಾನು ಹೇಳಿದ್ದನ್ನು ಕೂಡಲೇ ಮಾಡಬೇಡ. ನಿನಗೇನು ತಿಳಿಯಿತು ಎಂಬುದನ್ನು ಮೊದಲು ನಿನ್ನ ಮಾತಿನಲ್ಲಿ ನನಗೆ ಒಪ್ಪಿಸು. ನಾನು ಸರಿ ಎಂದ ಮೇಲೆ ಮಾಡು."

"ತಿಳಿಯಿತು, ಗುರುಗಳೇ."

"ಎಡ ಹಲಗೆಯ ಮರಿಗಳ ಕೂಗನ್ನು ಬಲ ಹಲಗೆಯ ಮೊಟ್ಟೆಗಳಿಗೆ ಕೇಳಿಸು. ಯಾವ ಮೊಟ್ಟೆಯಾದರೂ ದನಿ ಮಾಡಿದರೆ ಓಗೊಡು."

"ಕೂಗನ್ನು ಬಲಗಡೆ ನುಡಿಸಬೇಕು. ಕಾವನ್ನು ಮುಟ್ಟಬಾರದು. ಇದು ತಿಳಿಯಿತು. ಓಗೊಡು ಎಂಬುದು ತಿಳಿಯಲಿಲ್ಲ."

ಕಸ್ತೂರಿ ಉಸಿರು ಬಿಟ್ಟಳು. ಶಾಲೆಯಲ್ಲಿ ಅಪ್ಪ ಪ್ರತಿ ಪಾಠದ ಕೊನೆಗೆ ಹುಡುಗರಿಂದ ಮಾಡಿಸುತ್ತಿದ್ದದ್ದು ಇದೇ ಅಲ್ಲವೇ, ಒಪ್ಪಿಸುವುದು. ಇಷ್ಟು ಸರಳವಾದದ್ದು ಇಬ್ಬರಿಗೂ ಹೊಳೆದಿರಲಿಲ್ಲ.

"ಯಾರಾದರೂ ಕರೆದರೆ ಸುಮ್ಮನೆ ಇರಬಾರದು, ಮಗೂ," ಎಂದರು ಮಾಸ್ತರು. "ಎಲ್ಲಿದ್ದರೂ ಓ ಎನ್ನಬೇಕು. ಕೇಳಿಸಿತು, ಇಲ್ಲಿದ್ದೇನೆ ಎಂದು ಕರೆದವರಿಗೆ ಗೊತ್ತಾಗಬೇಕು. ಅದೇ ಓಗೊಡುವುದು. ಅದಕ್ಕೆ ಬೇರೆ ಅರ್ಥವಿಲ್ಲ."

"ತಿಳಿಯಿತು. ಆದರೆ ಬಲ ಹಲಗೆಯ ಕಿವಿಗಳು ಕೆಟ್ಟಿವೆ, ಗುರುಗಳೇ. ಮೊಟ್ಟೆಗಳು ಕರೆದರೂ ನನಗೆ ಕೇಳಿಸುವುದಿಲ್ಲ."

"ಸರಿ. ನೀನು ಕೂಗು ಕೇಳಿಸು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ."

ತೊಟ್ಟಿಯೊಳಗಿಂದ ಕ್ಯಾಂವ್ ಕ್ಯಾಂವ್ ಎಂದು ದನಿ ಎದ್ದಿತು. ಮಾಸ್ತರು ಟೋಪಿ ತೆಗೆದು ಮಗಳ ಕೈಗೆ ಕೊಟ್ಟು, ಸ್ಟೂಲಿನಿಂದ ಇಳಿದು ಮಂಡಿಯೂರಿ, ಬಲ ಹಲಗೆಯ ಉಸುಕಿಗೆ ಕಿವಿ ತಾಗುವಷ್ಟು ಬಗ್ಗಿದರು. ಕೂಗು ನಿಂತಿತು. ಏನೂ ಇಲ್ಲ. ಮತ್ತೆ ಕೇಳಿಸಿತು, ಮತ್ತೆ ನಿಂತಿತು. ಮೌಲಾಸಾಬ ಬಾಯಲ್ಲಿ ಏನೋ ಹರಕೆ ಹೊರುತ್ತಿದ್ದ. ಅಪ್ಪನ ಬೆನ್ನು ನೋಡುತ್ತ ಕಸ್ತೂರಿ, ಏನೂ ಕೇಳಿಸದೆ ಇವರು ಎದ್ದರೆ ಮುಖ ಹೇಗೆ ನೋಡಲಿ ಎಂದು ಹೆದರಿ ಸತ್ತಿದ್ದಳು.

ಮಾಸ್ತರು ಕೈ ಎತ್ತಿದರು, ಗಲಾಟೆ ಮಾಡುವ ತರಗತಿಯನ್ನು ಸುಮ್ಮನಾಗಿಸುವ ಹಾಗೆ.

ಹಸಿ ಬಳಪದಲ್ಲಿ ಪಾಟಿಯ ಮೇಲೆ ಒಂದು ಗೆರೆ ಎಳೆದಷ್ಟು ಸಣ್ಣ ದನಿ. ಇದ್ದೂ ಇಲ್ಲದ ಹಾಗೆ. ಮತ್ತೊಮ್ಮೆ, ಅದಕ್ಕಿಂತ ಗಟ್ಟಿಯಾಗಿ. ಈಗ ಕಸ್ತೂರಿಗೂ ಕೇಳಿಸಿತು. ಯಂತ್ರಕ್ಕೆ ಕೇಳಿಸಲಿಲ್ಲ, ಅದು ಸುಮ್ಮನಿತ್ತು.

"ಓ," ಎಂದರು ಮಾಸ್ತರು ಮೊಟ್ಟೆಗೆ. "ಓ, ನನ್ನವ್ವಾ. ಇಲ್ಲೇ ಅದೀನಿ. ಬಾ ಹೊರಗ, ಬಾ."

ಪಕ್ಕದ ಬಟ್ಟಲೂ ಕೂಗಿತು. ಅದಕ್ಕೂ ಅವರೇ ಓಗೊಟ್ಟರು.